ಡಿಗಾಕ್ಸಿನ್: ಮಾತ್ರೆ ಅದೇ, ಮೈ ಅದೇ ಅಲ್ಲ

ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎರಡು ತರದವರನ್ನು ನಾನು ನೋಡುತ್ತೇನೆ. ಕೆಲವರಿಗೆ ಆ ಮಾತ್ರೆ ಕಂಡರೇ ಹೆದರಿಕೆ. ಇದು ವಿಷದ ಗಿಡದಿಂದ ಬಂದದ್ದು ಅಂತ ಎಲ್ಲೋ ಓದಿರುತ್ತಾರೆ, ಎರಡು ದಿನ ನುಂಗಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು, "ಐದು ವರ್ಷದಿಂದ ನುಂಗ್ತಾ ಇದ್ದೀನಿ, ಏನೂ ಆಗಿಲ್ಲ, ಇನ್ನೇನು ಆಗುತ್ತೆ?" ಅನ್ನುವವರು. ನನಗೆ ಹೆಚ್ಚು ಚಿಂತೆ ಈ ಎರಡನೆಯವರದ್ದು. ಐದು ವರ್ಷದಲ್ಲಿ ಮಾತ್ರೆ ಬದಲಾಗಿಲ್ಲ, ನಿಜ. ಆದರೆ ಅವರ ವಯಸ್ಸು ಏರಿದೆ, ಕಿಡ್ನಿಯ ಶಕ್ತಿ ಇಳಿದಿದೆ, ತೂಕ ಕಮ್ಮಿಯಾಗಿದೆ, ಜೊತೆಗೆ ಇನ್ನೂ ನಾಲ್ಕು ಮಾತ್ರೆ ಸೇರಿಕೊಂಡಿವೆ. ಅಂದು ಸರಿಯಾಗಿದ್ದ ಡೋಸು ಇಂದೂ ಸರಿಯಾಗಿದೆ ಅಂತ ಹೇಳಲು ಬರುವುದಿಲ್ಲ. ಇವತ್ತಿನ ಮಾತೆಲ್ಲ ಮುಖ್ಯವಾಗಿ ಇದರ ಸುತ್ತಲೇ.

ಹೆದರುವವರ ಮಾತಿನಲ್ಲೂ ಸತ್ಯ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಫಾಕ್ಸ್‌ಗ್ಲೋವ್ ಅನ್ನುವ ಹೂಗಿಡ, ಅದರ ಎಲೆಯಲ್ಲಿ ಈ ಜಾತಿಯ ಔಷಧ ಇರುತ್ತದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮೈ ಊದಿಕೊಂಡವರಿಗೆ ಒಬ್ಬ ಹೆಂಗಸು ಗಿಡಮೂಲಿಕೆಗಳ ಮದ್ದು ಕೊಡುತ್ತಿದ್ದಳು. ವಿಲಿಯಂ ವಿದರಿಂಗ್ ಅನ್ನುವ ವೈದ್ಯನ ಕಿವಿಗೆ ಅದು ಬಿತ್ತು. ಆ ಮದ್ದಿನಲ್ಲಿದ್ದ ಸೊಪ್ಪುಗಳಲ್ಲಿ ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಎಲೆ ಅಂತ ಅವನು ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, 1785ರಲ್ಲಿ ಪುಸ್ತಕ ಬರೆದ. ಗುಣವಾದವರ ಕಥೆಯಷ್ಟೇ ಅಲ್ಲ, ಜಾಸ್ತಿ ಕೊಟ್ಟಾಗ ಏನಾಯಿತು ಅನ್ನುವುದನ್ನೂ ಬರೆದ. ವಾಂತಿ, ಭೇದಿ, ತಲೆಸುತ್ತು, ನೋಡಿದ್ದೆಲ್ಲ ಹಳದಿ ಹಸಿರು, ನಾಡಿ ನಿಮಿಷಕ್ಕೆ 35ಕ್ಕೆ ಇಳಿದದ್ದು, ಎಲ್ಲವೂ ಅಲ್ಲಿದೆ. ಮೂತ್ರ, ಹೊಟ್ಟೆ, ನಾಡಿ, ಕರುಳು, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಪರಿಣಾಮ ಕಂಡ ಕೂಡಲೇ ಔಷಧ ನಿಲ್ಲಿಸಬೇಕು ಅನ್ನುವುದು ಅವನ ನಿಯಮ. ರಕ್ತ ಪರೀಕ್ಷೆ, ಇಸಿಜಿ ಯಾವುದೂ ಇಲ್ಲದ ಕಾಲ ಅದು. ಅವನ ಆ ಎಚ್ಚರ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ಈಗ ನಾವು ನುಂಗುವುದು ಎಲೆಯ ಪುಡಿ ಅಲ್ಲ. ಅದೇ ಕುಲದ ಇನ್ನೊಂದು ಗಿಡದಿಂದ 1930ರಲ್ಲಿ ಡಿಗಾಕ್ಸಿನ್ ಅನ್ನು ಬೇರ್ಪಡಿಸಿದರು. ಎಲೆಯಲ್ಲಿ ಔಷಧ ಎಷ್ಟಿದೆ ಅಂತ ಹೇಳಲಾಗದು, ಮಾತ್ರೆಯಲ್ಲಿ ಹೇಳಬಹುದು. ಅಷ್ಟರಮಟ್ಟಿಗೆ ನಾವು ಮುಂದೆ ಬಂದಿದ್ದೇವೆ.

ಇದು ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ, ಮುಂದಿನದೆಲ್ಲ ಸುಲಭವಾಗುತ್ತದೆ. ನಮ್ಮ ಪ್ರತಿ ಜೀವಕೋಶದ ಗೋಡೆಯಲ್ಲೂ ಒಂದು ಪಂಪು ಇದೆ. ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಕಂಡುಹಿಡಿದರು, 1997ರಲ್ಲಿ ಅವರಿಗೆ ನೊಬೆಲ್ ಬಂತು. ಡಿಗಾಕ್ಸಿನ್ ಈ ಪಂಪನ್ನು ಸ್ವಲ್ಪ ತಡೆಯುತ್ತದೆ. ಆಗ ಹೃದಯದ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ, ಬಡಿತಕ್ಕೆ ಬಲ ಬರುತ್ತದೆ. ಇನ್ನೊಂದು ಕಡೆ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಮೂಲಕ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸಂಕೇತವನ್ನು ನಿಧಾನ ಮಾಡುತ್ತದೆ. ಹಾಗಾಗಿಯೇ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ, ಅಂದರೆ ಬಡಿತ ತಾಳ ತಪ್ಪಿ ಓಡುವಾಗ, ವೇಗ ಇಳಿಸಲು ಇದನ್ನು ಕೊಡುತ್ತಾರೆ. ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದ ಸ್ಥಿತಿ, ಇದ್ದವರಿಗೂ ಕೊಡುತ್ತಾರೆ, ಆದರೆ ಬೇರೆ ಔಷಧಗಳ ನಂತರದ ಸಾಲಿನಲ್ಲಿ.

ಇದರಿಂದ ಎಷ್ಟು ಉಪಯೋಗ ಅನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ತಾಳ ಸರಿಯಾಗಿದ್ದ 6,800 ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಅರ್ಧ ಜನಕ್ಕೆ ಡಿಗಾಕ್ಸಿನ್, ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೃದಯದ ತೊಂದರೆ ಉಲ್ಬಣಿಸಿ ಆಸ್ಪತ್ರೆ ಸೇರುವುದು ಮಾತ್ರ 28 ಪರ್ಸೆಂಟ್ ಕಮ್ಮಿಯಾಯಿತು. ಆಯುಸ್ಸು ಹೆಚ್ಚಿಸದಿದ್ದರೆ ಏನು ಪ್ರಯೋಜನ ಅಂತ ನೀವು ಕೇಳಬಹುದು. ಉಸಿರುಗಟ್ಟಿ ನಡುರಾತ್ರಿ ಆಸ್ಪತ್ರೆಗೆ ಓಡುವುದು ತಪ್ಪುವುದೂ ದೊಡ್ಡ ವಿಷಯವೇ, ಮನೆಯಲ್ಲಿ ಅಂಥವರನ್ನು ನೋಡಿಕೊಂಡವರಿಗೆ ಗೊತ್ತು. 2020ರಲ್ಲಿ ಬಂದ ಇನ್ನೊಂದು ಚಿಕ್ಕ ಅಧ್ಯಯನವೂ ಇದೆ. ಅರವತ್ತು ದಾಟಿದ, ಫಿಬ್ರಿಲೇಶನ್ ಕಾಯಂ ಆಗಿಬಿಟ್ಟಿದ್ದ 160 ಜನ. ಕಡಿಮೆ ಡೋಸಿನ ಡಿಗಾಕ್ಸಿನ್ ತೆಗೆದುಕೊಂಡವರ ದಿನನಿತ್ಯದ ಬದುಕು, ಬಡಿತದ ವೇಗ ಇಳಿಸುವ ಇನ್ನೊಂದು ಔಷಧ ಬಿಸೊಪ್ರೊಲಾಲ್ ತೆಗೆದುಕೊಂಡವರದ್ದರಷ್ಟೇ ಚೆನ್ನಾಗಿತ್ತು. ಅಡ್ಡ ಪರಿಣಾಮ ಇನ್ನೂ ಕಮ್ಮಿ ಇತ್ತು. ಕಡಿಮೆ ಡೋಸು ಅನ್ನುವ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಕಿಡ್ನಿಯ ವಿಷಯಕ್ಕೆ ಬರೋಣ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಡಿಗಾಕ್ಸಿನ್ ಬಹುಪಾಲು ರೂಪ ಬದಲಿಸದೆ ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಒಂದೂವರೆಯಿಂದ ಎರಡು ದಿನ ಬೇಕು. ಕಿಡ್ನಿ ಪೂರ್ತಿ ಕೈಕೊಟ್ಟವರಲ್ಲಿ ಇದು ನಾಲ್ಕೈದು ದಿನದವರೆಗೂ ಹೋಗಬಹುದು. ಒಂದು ನೀರಿನ ತೊಟ್ಟಿ ಅಂದುಕೊಳ್ಳಿ. ಮೇಲೆ ನಲ್ಲಿಯಿಂದ ಒಂದೇ ಸಮನೆ ನೀರು ಬೀಳುತ್ತಿದೆ, ಕೆಳಗಿನ ತೂತಿನಿಂದ ಅಷ್ಟೇ ಹೊರಗೆ ಹೋಗುತ್ತಿದೆ. ಮಟ್ಟ ಒಂದೇ ಕಡೆ ನಿಂತಿರುತ್ತದೆ. ನಲ್ಲಿಯನ್ನು ಯಾರೂ ಮುಟ್ಟಿಲ್ಲ, ಆದರೆ ಕೆಳಗಿನ ತೂತಿಗೆ ಕಸ ಕಟ್ಟಿಕೊಂಡಿತು. ನೀರು ಏರುತ್ತದೆ, ಅಲ್ವಾ? ಅದೂ ಒಂದೇ ಸಲಕ್ಕಲ್ಲ, ದಿನದಿಂದ ದಿನಕ್ಕೆ.

ಒಂದು ಉದಾಹರಣೆ ಕೊಡುತ್ತೇನೆ. 78 ವರ್ಷದ ಒಬ್ಬ ಅಜ್ಜಿ ಇದ್ದಾರೆ ಅಂದುಕೊಳ್ಳಿ. ತೂಕ 42 ಕಿಲೋ. ದಿನಕ್ಕೆ 0.25 ಮಿಲಿಗ್ರಾಂ ಡಿಗಾಕ್ಸಿನ್, ಜೊತೆಗೆ ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.1 ಇದೆ, "ನಾರ್ಮಲ್" ಅಂತ ಮನೆಯವರಿಗೆ ಸಮಾಧಾನ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಆದರೆ ಅದು ಬರುವುದು ಸ್ನಾಯುವಿನಿಂದ. ಮೈಯಲ್ಲಿ ಸ್ನಾಯುವೇ ಕಮ್ಮಿ ಇರುವ ಅಜ್ಜಿಗೆ 1.1 ಅಂದರೆ ಅದು ನಾರ್ಮಲ್ ಅಲ್ಲ. ವಯಸ್ಸು, ತೂಕ, ಹೆಣ್ಣೋ ಗಂಡೋ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಅವರ ಕಿಡ್ನಿ ಸೋಸುವುದು ನಿಮಿಷಕ್ಕೆ 28 ಮಿಲಿಲೀಟರ್ ಆಸುಪಾಸು ಮಾತ್ರ. ಇಂಥವರಿಗೆ 0.25 ಶುರುವಿನಿಂದಲೇ ಜಾಸ್ತಿ. ಈಗ ಅಜ್ಜಿಗೆ ಭೇದಿ ಶುರುವಾಯಿತು. ಎರಡು ದಿನ ನೀರೂ ಸರಿಯಾಗಿ ಕುಡಿಯಲಿಲ್ಲ. ಮೈ ಒಣಗಿತು, ಕಿಡ್ನಿ ಇನ್ನಷ್ಟು ನಿಧಾನವಾಯಿತು, ಔಷಧದ ಮಟ್ಟ ಏರಿತು. ಏರಿದ ಮಟ್ಟದಿಂದ ವಾಂತಿ ಬಂತು. ವಾಂತಿಯಿಂದ ಮೈ ಇನ್ನೂ ಒಣಗಿತು. ಮನೆಯವರು "ಹೃದಯದ ಮಾತ್ರೆ ತಪ್ಪಿಸಬಾರದು" ಅಂತ ಕಾಳಜಿಯಿಂದ ದಿನಾ ನುಂಗಿಸುತ್ತಲೇ ಇದ್ದರು. ಇಲ್ಲಿ ಯಾರ ತಪ್ಪೂ ಇಲ್ಲ. ವಾಂತಿಭೇದಿ ಆದ ದಿನ ಡಾಕ್ಟರಿಗೆ ಒಂದು ಫೋನ್ ಮಾಡಿ "ಈ ಮಾತ್ರೆ ಇವತ್ತು ಕೊಡಲಾ?" ಅಂತ ಕೇಳಬೇಕು ಅನ್ನುವುದನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೇ. ಅದನ್ನು ನಾನು ಈಗ ನಿಮಗೆ ಹೇಳುತ್ತಿದ್ದೇನೆ.

ಎರಡನೆಯದು ಪೊಟ್ಯಾಸಿಯಂ. ಡಿಗಾಕ್ಸಿನ್ ಮತ್ತು ಪೊಟ್ಯಾಸಿಯಂ ಎರಡೂ ಆ ಪಂಪಿನ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್‌ಗೆ ಎದುರಾಳಿ ಇಲ್ಲದಂತಾಗುತ್ತದೆ. ಆಗ ಔಷಧದ ಮಟ್ಟ ಸರಿಯಾಗಿದ್ದರೂ ವಿಷದ ಲಕ್ಷಣ ಬರಬಹುದು. ಮೆಗ್ನೀಸಿಯಂ ಇಳಿದರೂ, ಕ್ಯಾಲ್ಸಿಯಂ ಏರಿದರೂ ಹಾಗೇ. ಫ್ಯುರೋಸೆಮೈಡ್, ಹೈಡ್ರೋಕ್ಲೋರೋಥಯಜೈಡ್ ತರದ ಮೂತ್ರ ಹೆಚ್ಚಿಸುವ ಮಾತ್ರೆಗಳು ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಎರಡನ್ನೂ ಹೊರಗೆ ಕಳಿಸುತ್ತವೆ. ಸ್ಟಿರಾಯ್ಡ್ ಮಾತ್ರೆ, ಜಾಸ್ತಿ ಅತಿಮಧುರ ತಿನ್ನುವುದು, ಇವೂ ಪೊಟ್ಯಾಸಿಯಂ ಇಳಿಸುತ್ತವೆ. ಹಾಗಂತ ನೀವೇ ಪೊಟ್ಯಾಸಿಯಂ ಸಿರಪ್ ಶುರು ಮಾಡಬೇಡಿ. ಕಿಡ್ನಿ ದುರ್ಬಲ ಇದ್ದವರಲ್ಲಿ ಅದು ವಿಪರೀತ ಏರಿ ಹೃದಯವನ್ನೇ ನಿಲ್ಲಿಸಬಲ್ಲದು. ಪರೀಕ್ಷೆ ಮಾಡಿಸಿ, ಅಂಕಿ ನೋಡಿ, ಆಮೇಲೆ ತೀರ್ಮಾನ.

ಮೂರನೆಯದು ಜೊತೆಗಿನ ಔಷಧಗಳು. ಬಡಿತದ ತಾಳ ಸರಿಪಡಿಸಲು ಕೊಡುವ ಅಮಿಯೋಡರೋನ್ ಸೇರಿದರೆ ಡಿಗಾಕ್ಸಿನ್ ಮಟ್ಟ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು. ಅದನ್ನು ಶುರು ಮಾಡುವಾಗ ಸಾಮಾನ್ಯವಾಗಿ ಡಿಗಾಕ್ಸಿನ್ ಡೋಸನ್ನು ಅರ್ಧ ಮಾಡುತ್ತಾರೆ. ಅದರ ಪ್ರಭಾವ ವಾರಗಳ ಕಾಲ ನಿಧಾನವಾಗಿ ಏರುತ್ತಾ ಹೋಗುತ್ತದೆ. ಮೊದಲ ವಾರ ಚೆನ್ನಾಗಿದ್ದರು ಅಂತ ಮೈ ಮರೆಯುವಂತಿಲ್ಲ. ಹೃದಯದ ಬೇರೆ ಔಷಧಗಳಾದ ವೆರಪಮಿಲ್, ಕ್ವಿನಿಡಿನ್, ಡ್ರೋನೆಡರೋನ್ ಕೂಡ ಮಟ್ಟ ಏರಿಸುತ್ತವೆ. ಗಂಟಲು ನೋವು, ಕೆಮ್ಮಿಗೆ ಬರೆಯುವ ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್ ಸಹ. ಐದು ದಿನದ ಆ್ಯಂಟಿಬಯಾಟಿಕ್ ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಚೀಟಿ ಬರೆಯುವವರಿಗೆ ನೀವು ಡಿಗಾಕ್ಸಿನ್ ತೆಗೆದುಕೊಳ್ಳುವುದು ಗೊತ್ತಿರಲೇಬೇಕು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹತ್ತರಲ್ಲಿ ಒಬ್ಬರ ಕರುಳಿನಲ್ಲಿ ಎಗರ್ಥೆಲ್ಲಾ ಲೆಂಟಾ ಅನ್ನುವ ಬ್ಯಾಕ್ಟೀರಿಯಾ ನುಂಗಿದ ಡಿಗಾಕ್ಸಿನ್‌ನ ಒಂದಷ್ಟು ಪಾಲನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಅಂಥವರಿಗೆ ಡೋಸು ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಅವರು ಆ್ಯಂಟಿಬಯಾಟಿಕ್ ನುಂಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧ ಪೂರ್ತಿ ರಕ್ತಕ್ಕೆ ಸೇರುತ್ತದೆ. ಒಂದೇ ಮಾತ್ರೆ ಇಬ್ಬರಲ್ಲಿ ಯಾಕೆ ಬೇರೆ ಬೇರೆ ತರ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಕರುಳಿನ ಒಳಗೂ ಕಾರಣ ಇರಬಹುದು ಅಂತ ಎಷ್ಟು ಜನ ಯೋಚಿಸುತ್ತೇವೆ?

ಗಿಡಮೂಲಿಕೆಯ ಮಾತೂ ಬರಲಿ. ಕಣಗಿಲೆ, ಹಳದಿ ಕಣಗಿಲೆ, ಈ ಎರಡರಲ್ಲೂ ಇದೇ ಜಾತಿಯ ವಿಷ ಇದೆ. ಎಲೆ, ಬೀಜ, ಬೇರು ಯಾವುದನ್ನೂ ಔಷಧ ಅಂತ ಹೊಟ್ಟೆಗೆ ತೆಗೆದುಕೊಳ್ಳಬಾರದು, ಡಿಗಾಕ್ಸಿನ್ ನುಂಗುವವರಂತೂ ಆ ಕಡೆ ತಲೆ ಹಾಕಲೇಬಾರದು. ಖಿನ್ನತೆಗೆ ಅಂತ ಸಿಗುವ ಸೇಂಟ್ ಜಾನ್ಸ್ ವರ್ಟ್ ಇದರ ತಿರುಗುಮುರುಗು, ಡಿಗಾಕ್ಸಿನ್ ಮಟ್ಟವನ್ನು ಇಳಿಸುತ್ತದೆ. ಆ್ಯಂಟಾಸಿಡ್ ಔಷಧವನ್ನು ಡಿಗಾಕ್ಸಿನ್ ಜೊತೆಗೇ ಕುಡಿದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಎರಡರ ನಡುವೆ ಒಂದೆರಡು ಗಂಟೆ ಅಂತರ ಇರಲಿ.

ಹಾಗಾದರೆ ಜಾಸ್ತಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಎಲ್ಲರಿಗೂ ನೆನಪಿರುವುದು ಹಳದಿ ದೃಷ್ಟಿ. ದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದೂ ಉಂಟು. ಇವು ನಿಜ, ಆದರೆ ಇವು ಬರಲಿ ಅಂತ ಕಾಯುತ್ತಾ ಕೂರಬಾರದು, ಬಹಳ ಜನಕ್ಕೆ ಬರುವುದೇ ಇಲ್ಲ. ವಯಸ್ಸಾದವರಲ್ಲಿ ಮೊದಲು ಕಾಣುವುದು ತುಂಬಾ ಸಾಮಾನ್ಯ ಅನ್ನಿಸುವ ಸಂಗತಿಗಳು. ಊಟ ಸೇರುವುದಿಲ್ಲ. ಹೊಟ್ಟೆ ತೊಳಸುತ್ತದೆ. ಸುಸ್ತು. ದಿನ, ಹೊತ್ತು ಮರೆತು ಏನೇನೋ ಮಾತಾಡುತ್ತಾರೆ. "ವಯಸ್ಸಾಯ್ತು, ಬಾಯಿ ಕೆಟ್ಟಿದೆ" ಅಂತ ಮನೆಯಲ್ಲಿ ಸುಮ್ನೆ ಬಿಟ್ಟುಬಿಡುವುದು ಇದನ್ನೇ. ಡಿಗಾಕ್ಸಿನ್ ತೆಗೆದುಕೊಳ್ಳುವವರ ಊಟ ಹೊಸದಾಗಿ ಕಮ್ಮಿಯಾದರೆ ಮೊದಲು ಮಾತ್ರೆಯ ಮೇಲೆ ಅನುಮಾನ ಪಡಿ, ಅಡುಗೆಯ ಮೇಲೆ ಆಮೇಲೆ. ತಲೆ ತಿರುಗಿ ಬೀಳುವುದು, ಎದೆ ಡವಡವ, ಎಚ್ಚರ ತಪ್ಪುವುದು ಇದ್ದರೆ ಫೋನ್ ಅಲ್ಲ, ನೇರ ಆಸ್ಪತ್ರೆ.

ನಾಡಿ ನೋಡುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಈಗಲೇ ಮಾಡಿ ನೋಡಿ. ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಬನ್ನಿ, ಅಲ್ಲಿ ಮೂಳೆ ಮತ್ತು ನರದಂತೆ ಎದ್ದು ಕಾಣುವ ಹುರಿಯ ನಡುವೆ ಒಂದು ತಗ್ಗು ಇದೆ. ಇನ್ನೊಂದು ಕೈಯ ಎರಡು ಬೆರಳ ತುದಿ ಅಲ್ಲಿಡಿ, ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಬಡಿತ ಇದೆ. ಜೋರಾಗಿ ಒತ್ತಬೇಡಿ, ಒತ್ತಿದರೆ ಬಡಿತವೇ ಸಿಗುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತಿದ್ದು ಆಮೇಲೆ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಬೇಡ. ತಾಳ ತಪ್ಪಿದ ನಾಡಿಯಲ್ಲಿ ಅದು ತಪ್ಪು ಲೆಕ್ಕ ಕೊಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. 60ಕ್ಕಿಂತ ಕೆಳಗಿದ್ದರೆ ಆ ದಿನದ ಮಾತ್ರೆ ನುಂಗುವ ಮುಂಚೆ ಡಾಕ್ಟರನ್ನು ಕೇಳಿ. ಕೆಲವರಿಗೆ ಡಾಕ್ಟರು ಬೇರೆ ಗಡಿ ಹೇಳಿರುತ್ತಾರೆ, ಹಾಗಿದ್ದರೆ ಅದೇ ನಿಮ್ಮ ಗಡಿ. ಇನ್ನೊಂದು ಸೂಕ್ಷ್ಮ ಇದೆ. ವರ್ಷಗಟ್ಟಲೆ ಫಿಬ್ರಿಲೇಶನ್ ಇದ್ದು ನಾಡಿ ಅಡ್ಡಾದಿಡ್ಡಿ ಇದ್ದವರಲ್ಲಿ ಅದು ಇದ್ದಕ್ಕಿದ್ದಂತೆ ಗಡಿಯಾರದಂತೆ ಸಮನಾಗಿ, ನಿಧಾನವಾಗಿ ಬಡಿಯತೊಡಗಿದರೆ ಖುಷಿಪಡಬೇಡಿ. ಮೇಲಿನಿಂದ ಸಂಕೇತ ಪೂರ್ತಿ ನಿಂತು, ಕೆಳಗಿನ ಭಾಗ ತಾನಾಗಿ ಬಡಿಯುತ್ತಿರಬಹುದು. ಅದಕ್ಕೆ ಇಸಿಜಿ ಆಗಲೇಬೇಕು.

ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ನೋಡುವ ಪರೀಕ್ಷೆ ಇದೆ. ಒಳ್ಳೆಯ ಪರೀಕ್ಷೆ, ಆದರೆ ರಕ್ತ ಕೊಡುವ ಹೊತ್ತು ತಪ್ಪಿದರೆ ಇಡೀ ಪರೀಕ್ಷೆ ಹಾಳು. ಮಾತ್ರೆ ನುಂಗಿದ ಮೇಲೆ ಔಷಧ ಮೊದಲು ರಕ್ತದಲ್ಲಿ ತುಂಬಿಕೊಂಡು ಆಮೇಲೆ ನಿಧಾನವಾಗಿ ಹೃದಯಕ್ಕೆ, ಸ್ನಾಯುಗಳಿಗೆ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಹತ್ತಕ್ಕೆ ರಕ್ತ ಕೊಟ್ಟರೆ ಅಂಕಿ ಸುಳ್ಳೇ ದೊಡ್ಡದಾಗಿ ಬರುತ್ತದೆ. ಕನಿಷ್ಠ ಆರು ಗಂಟೆ ಆಗಿರಬೇಕು, ಎಂಟರಿಂದ ಹನ್ನೆರಡು ಗಂಟೆ ಆಗಿದ್ದರೆ ಇನ್ನೂ ಒಳ್ಳೆಯದು. ಸುಲಭದ ದಾರಿ ಅಂದರೆ ಪರೀಕ್ಷೆಯ ದಿನ ಮೊದಲು ರಕ್ತ, ಆಮೇಲೆ ಮಾತ್ರೆ. ಹಿಂದಿನ ಮಾತ್ರೆ ನುಂಗಿದ ಹೊತ್ತನ್ನು ಲ್ಯಾಬಿನವರಿಗೆ ಹೇಳಿ ಬರೆಸಿ. ಡೋಸು ಬದಲಾಯಿಸಿದ ಮರುದಿನವೇ ಪರೀಕ್ಷಿಸಿಯೂ ಉಪಯೋಗ ಇಲ್ಲ, ಹೊಸ ಮಟ್ಟ ನೆಲೆ ನಿಲ್ಲಲು ಒಂದು ವಾರವಾದರೂ ಬೇಕು, ಕಿಡ್ನಿ ದುರ್ಬಲವಾಗಿದ್ದರೆ ಎರಡು ಮೂರು ವಾರ. ಆದರೆ ವಿಷದ ಅನುಮಾನ ಇದ್ದಾಗ ಈ ವಾರದ ಲೆಕ್ಕ ಯಾವುದೂ ಇಲ್ಲ, ತಕ್ಷಣ ಪರೀಕ್ಷೆ.

ಅಂಕಿ ಎಷ್ಟಿರಬೇಕು? ಹಾರ್ಟ್ ಫೇಲ್ಯೂರ್‌ಗೆ ಈಗ ಒಪ್ಪಿರುವ ಗುರಿ ಒಂದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ. ಹಲವು ಲ್ಯಾಬ್ ರಿಪೋರ್ಟುಗಳಲ್ಲಿ ಇನ್ನೂ 2.0ರವರೆಗೆ ನಾರ್ಮಲ್ ಅಂತ ಅಚ್ಚಾಗಿರುತ್ತದೆ. ಅದು ಹಳೆಯ ಗಡಿ. ನಾನು ಆಗಲೇ ಹೇಳಿದ 6,800 ಜನರ ಅಧ್ಯಯನದ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗ, ಗಂಡಸರಲ್ಲಿ ಮಟ್ಟ 1.2 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಸಾವು ಜಾಸ್ತಿ ಕಂಡಿತು. ಅದಕ್ಕೇ ರಿಪೋರ್ಟಿನಲ್ಲಿ 1.8 ಬಂದು ಪಕ್ಕದಲ್ಲಿ ನಾರ್ಮಲ್ ಅಂತ ಇದ್ದರೆ ಅದನ್ನು ಡ್ರಾಯರಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಹಾಗೇ, ಅಂಕಿ ಗಡಿಯೊಳಗೆ ಇದೆ ಅಂದ ಮಾತ್ರಕ್ಕೆ ವಾಂತಿ ಮಾಡಿಕೊಳ್ಳುತ್ತಿರುವ ರೋಗಿಯನ್ನು ಚೆನ್ನಾಗಿದ್ದಾರೆ ಅನ್ನುವುದೂ ಸರಿಯಲ್ಲ. ಪೊಟ್ಯಾಸಿಯಂ ಎಷ್ಟಿದೆ, ಕಿಡ್ನಿ ಹೇಗಿದೆ, ಇಸಿಜಿ ಏನು ಹೇಳುತ್ತದೆ, ಎಲ್ಲ ಒಟ್ಟಿಗೆ ನೋಡಬೇಕು. ಥೈರಾಯ್ಡ್ ಕಮ್ಮಿ ಇದ್ದವರಿಗೂ ಸಣ್ಣ ಡೋಸೇ ಜಾಸ್ತಿಯಾಗಬಹುದು.

ಸ್ಟ್ರಿಪ್ ಕೈಯಲ್ಲಿ ಹಿಡಿದು ಒಮ್ಮೆ ಓದಿ. 0.25 ಮಿಲಿಗ್ರಾಂ ಅಂದರೂ 250 ಮೈಕ್ರೋಗ್ರಾಂ ಅಂದರೂ ಒಂದೇ. 0.125 ಅಂದರೆ ಅದರ ಅರ್ಧ. ನೋಡಲು 0.125 ದೊಡ್ಡ ಅಂಕಿಯಂತೆ ಕಾಣುತ್ತದೆ, ಮೂರು ಅಂಕೆ ಇದೆಯಲ್ಲ. ಇಲ್ಲೇ ಎಡವಟ್ಟಾಗುವುದು. ಹಳೆಯ ಸ್ಟ್ರಿಪ್ ಮತ್ತು ಹೊಸ ಸ್ಟ್ರಿಪ್ ಎರಡೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಡೋಸು ಬದಲಾದ ದಿನವೇ ಹಳೆಯದನ್ನು ತೆಗೆದುಬಿಡಿ. ಮಕ್ಕಳಿಗೆ ಕೊಡುವ ದ್ರವದಲ್ಲಿ ದಶಮಾಂಶ ಚುಕ್ಕೆ ಒಂದು ಮನೆ ಸರಿದರೂ ಹತ್ತು ಪಟ್ಟು ವ್ಯತ್ಯಾಸ. ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ, ಚಮಚದಲ್ಲಿ ಅಂದಾಜು ಮಾಡಬೇಡಿ.

ಒಂದು ದಿನ ಮರೆತರೆ ಏನು ಮಾಡಬೇಕು ಅಂತ ಒಬ್ಬರು ಕೇಳಿದರು. ಹನ್ನೆರಡು ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಿ. ಅದು ದಾಟಿದ್ದರೆ ಬಿಟ್ಟು, ಮರುದಿನದ ಹೊತ್ತಿಗೆ ಒಂದೇ ನುಂಗಿ. ಎರಡು ಸೇರಿಸಿ ನುಂಗುವುದು ಯಾವತ್ತೂ ಬೇಡ. ನುಂಗಿದೆನೋ ಇಲ್ಲವೋ ಅಂತ ಅನುಮಾನ ಬಂದರೂ ಆ ದಿನ ಬಿಟ್ಟುಬಿಡುವುದೇ ಕ್ಷೇಮ, ಔಷಧ ಮೈಯಲ್ಲಿ ಇನ್ನೂ ಸಾಕಷ್ಟು ಇರುತ್ತದೆ. ಆದರೆ ಚೆನ್ನಾಗಿದ್ದೇನೆ ಅಂತ ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದವರಲ್ಲಿ ಉಸಿರಾಟದ ತೊಂದರೆ ಮರಳಿ ಬಂದದ್ದನ್ನು ಅಧ್ಯಯನಗಳೂ ತೋರಿಸಿವೆ.

ಕೊನೆಯ ಪ್ರಶ್ನೆ, ಮನೆಯ ಮಗು ಈ ಮಾತ್ರೆ ನುಂಗಿಬಿಟ್ಟರೆ ಅಂತ. ಮಗುವಾಗಲಿ ದೊಡ್ಡವರಾಗಲಿ, ಜಾಸ್ತಿ ನುಂಗಿದ್ದಾರೆ ಅಂದರೆ ಲಕ್ಷಣ ಬರಲಿ ಅಂತ ಕಾಯಬೇಡಿ. ಮೊದಲ ಕೆಲವು ಗಂಟೆ ಆಡಿಕೊಂಡೇ ಇರಬಹುದು, ಬಡಿತ ಕೆಡುವುದು ಆಮೇಲೆ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಇದಕ್ಕೆ ಪ್ರತಿವಿಷ ಇದೆ. ಡಿಗಾಕ್ಸಿನ್ ಅನ್ನು ಹಿಡಿದುಕೊಂಡು ಮೂತ್ರದ ಮೂಲಕ ಹೊರಗೆ ಒಯ್ಯುವ ಪ್ರತಿಕಾಯದ ತುಣುಕುಗಳು, 1976ರಿಂದ ಮನುಷ್ಯರಲ್ಲಿ ಬಳಕೆಯಲ್ಲಿವೆ. ಡಯಾಲಿಸಿಸ್ ಇಲ್ಲಿ ನೆರವಿಗೆ ಬರುವುದಿಲ್ಲ, ಔಷಧ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಸ್ನಾಯುಗಳಲ್ಲಿ ಕೂತಿರುತ್ತದೆ. ಪ್ರತಿವಿಷ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ತರಿಸಲು ಹೊತ್ತು ಹಿಡಿಯುತ್ತದೆ. ಬೇಗ ಹೋಗಬೇಕಾದದ್ದು ಅದಕ್ಕೇ. ಹೋಗುವಾಗ ಖಾಲಿಯಾದ ಸ್ಟ್ರಿಪ್ ಸಮೇತ ಹೋಗಿ. ಎಷ್ಟು ಮಾತ್ರೆ ಕಾಣುತ್ತಿಲ್ಲ, ಎಷ್ಟು ಹೊತ್ತಿಗೆ ನುಂಗಿರಬಹುದು, ಮಗುವಿನ ತೂಕ ಎಷ್ಟು, ಈ ಮೂರನ್ನು ಬಾಗಿಲಲ್ಲೇ ಹೇಳಿ.